ಅಂಬಾಸಿಡರ್ ಗಾಡಿಯ ಎಸ್‌ಯು ಕಾರ್ಬೊರೇಟರ್: ಚೋಕ್ ತಳ್ಳಿದರೂ ಬಿಡದಿದ್ದಾಗ ಎಲ್ಲೆಲ್ಲಿ ನೋಡಬೇಕು

ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಗಾಡಿ ಮೊದಲ ಸಲಕ್ಕೇ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ಕಾದು ನಾಬನ್ನು ಒಳಕ್ಕೆ ತಳ್ಳುತ್ತೀರಿ. ಅದು ಯಾವ ತಕರಾರೂ ಇಲ್ಲದೆ ಒಳಗೆ ಹೋಗಿ ಕೂರುತ್ತದೆ. ಎಂಜಿನ್ ಮಾತ್ರ ಚೋಕ್ ಇನ್ನೂ ಎಳೆದೇ ಇದೆಯೇನೋ ಎಂಬಂತೆ ಮುಕ್ಕರಿಸುತ್ತಿರುತ್ತದೆ. ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ, ಗಾಡಿಯ ಹಿಂದೆ ನಿಂತರೆ ಹಸಿ ಪೆಟ್ರೋಲಿನ ವಾಸನೆ. ಮೊದಲ ಸಿಗ್ನಲ್ಲಿನಲ್ಲಿ ಆಫ್ ಆದದ್ದು ಮತ್ತೆ ಸ್ಟಾರ್ಟ್ ಆಗಬೇಕಾದರೆ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಪ್ಲಗ್ ಬಿಚ್ಚಿ ನೋಡಿದರೆ ಒಲೆಯ ಮೇಲಿನ ಮಸಿಯಂತೆ ಒಣ ಕರಿ.

ನಮ್ಮ ಮನೆಯ 1977ರ ಮಾರ್ಕ್ 3 ಅಂಬಾಸಿಡರ್ ನಾಲ್ಕು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಎಂಜಿನ್ನಿಗೆ ಗಾಳಿಯೊಂದಿಗೆ ಪೆಟ್ರೋಲ್ ಬೆರೆಸಿ ಕೊಡುವ ಅದರ ಕಾರ್ಬೊರೇಟರನ್ನು ನಾನೇ ಬಿಚ್ಚಿ, ತೊಳೆದು, ಹೊಸ ಜೆಟ್, ಹೊಸ ಸೂಜಿ, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿದೆ. ಜೋಡಿಸಿದ ಮರುದಿನವೇ ಮೇಲೆ ಹೇಳಿದ ಕಾಯಿಲೆ ಶುರುವಾಯಿತು. ನಾಬ್, ಕೇಬಲ್, ಚೋಕ್ ಎಂಬ ಮೂರು ಪದಗಳು ತಲೆಯಲ್ಲಿ ಒಟ್ಟಿಗೇ ಇದ್ದುದರಿಂದ ನಾನು ಮೂರು ಭಾನುವಾರಗಳಲ್ಲಿ ಮೂರು ಕೇಬಲ್ ಬದಲಾಯಿಸಿದೆ. ಹೊಗೆ ಹಾಗೆಯೇ ಬರುತ್ತಿತ್ತು. ಆ ಮೂರು ಭಾನುವಾರಗಳು ನಿಮಗೂ ಹಾಳಾಗದಿರಲಿ ಎಂದು, ಮೊದಲೇ ಹೀಗೆ ಮಾಡಬೇಕಿತ್ತು ಎಂದು ಈಗ ಅನಿಸುವ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಚೋಕ್ ಎಂಬ ಬಿಲ್ಲೆಯೇ ಇಲ್ಲ

ಬಹುತೇಕ ಕಾರ್ಬೊರೇಟರುಗಳಲ್ಲಿ ಚೋಕ್ ಎಂದರೆ ಗಾಳಿ ಬರುವ ಬಾಯಿಗೆ ಅಡ್ಡ ನಿಲ್ಲುವ ಒಂದು ತಗಡಿನ ಬಿಲ್ಲೆ. ಅದು ಮುಚ್ಚಿಕೊಂಡರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಎಳೆದುಕೊಳ್ಳುತ್ತದೆ. ಅಂಥ ಕಡೆ ಚೋಕ್ ಅಂಟಿದೆ ಎಂದರೆ ಆ ಬಿಲ್ಲೆಯ ಕಡ್ಡಿಯೋ ಅದರ ಸ್ಪ್ರಿಂಗೋ ಹಿಡಿದಿದೆ ಎಂದರ್ಥ. ನಮ್ಮ ಗಾಡಿಯ 1489 ಸಿಸಿ ಎಂಜಿನ್ನಿಗೆ ಕೂತಿರುವುದು ಎಸ್‌ಯು ಕಂಪನಿಯ ಎಚ್‌ಎಸ್ 2 ಎಂಬ ಮಾದರಿಯ ಕಾರ್ಬೊರೇಟರ್. ಏರ್ ಕ್ಲೀನರ್ ಬಿಚ್ಚಿ ಅದರ ಬಾಯೊಳಗೆ ಎಷ್ಟು ಇಣುಕಿದರೂ ಚೋಕಿನ ಬಿಲ್ಲೆ ಕಾಣುವುದಿಲ್ಲ. ಇಲ್ಲದ್ದು ಹೇಗೆ ಕಂಡೀತು?

ಇದರಲ್ಲಿ ಪೆಟ್ರೋಲ್ ಬರುವುದು ಕೆಳಗಿನಿಂದ ನೆಟ್ಟಗೆ ನಿಂತ ಹಿತ್ತಾಳೆಯ ಜೆಟ್ ಮೂಲಕ. ಮೇಲಿನಿಂದ ಒಂದು ಮೊನಚು ಸೂಜಿ ಆ ಜೆಟ್ಟಿನೊಳಗೆ ಇಳಿದಿರುತ್ತದೆ. ಸೂಜಿಗೂ ಜೆಟ್ಟಿನ ಗೋಡೆಗೂ ನಡುವೆ ಉಂಗುರದಂತೆ ಉಳಿಯುವ ಸಂದಿನಿಂದಲೇ ಪೆಟ್ರೋಲ್ ಮೇಲೇರಬೇಕು. ಜೆಟ್ಟಿನ ತೂತಿನ ವ್ಯಾಸ 0.090 ಇಂಚು, ಅಂದರೆ 2.3 ಮಿಲಿಮೀಟರಿಗೂ ಕಡಿಮೆ. ನೀವು ಚೋಕ್ ಎಳೆದಾಗ ಆಗುವುದು ಇಷ್ಟೇ: ಇಡೀ ಜೆಟ್ ಕೆಳಕ್ಕೆ ಜಾರುತ್ತದೆ. ಸೂಜಿಯ ತೆಳುವಾದ ಭಾಗ ಜೆಟ್ಟಿನ ಬಾಯಿಗೆ ಬರುತ್ತದೆ, ಸಂದು ದೊಡ್ಡದಾಗುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ನಾಬ್ ಒಳಗೆ ತಳ್ಳಿದಾಗ ಜೆಟ್ ಮತ್ತೆ ಮೇಲೇರಿ, ಮಿಶ್ರಣ ಹೊಂದಿಸುವ ತನ್ನ ನಟ್ಟಿಗೆ ತಾಗಿ ನಿಲ್ಲಬೇಕು. ಅದು ಮೇಲೇರದೆ ನಡುವೆ ನಿಂತುಬಿಟ್ಟರೆ ನಾವು ಚೋಕ್ ಅಂಟಿದೆ ಎನ್ನುತ್ತೇವೆ. ಅಂಟಿರುವುದು ಜೆಟ್.

ಕೇಬಲ್ ಎಳೆಯುವುದು ಜೆಟ್ಟನ್ನಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು, ನಾನು ಎಡವಿದ್ದು ಇಲ್ಲಿಯೇ. ಕೇಬಲ್ ಕಟ್ಟಿರುವುದು ಕ್ಯಾಮ್ ಲಿವರಿಗೆ. ನಾಬನ್ನು ಮೊದಲ 6 ಮಿಲಿಮೀಟರಿನಷ್ಟು ಎಳೆಯುವಾಗ ಆ ಲಿವರ್ ಐಡಲ್ ವೇಗವನ್ನು, ಅಂದರೆ ಆಕ್ಸಿಲರೇಟರ್ ಒತ್ತದೆ ಇರುವಾಗ ಎಂಜಿನ್ ಓಡುವ ವೇಗವನ್ನು, ಮಾತ್ರ ಏರಿಸುತ್ತದೆ. ಇನ್ನೂ ಎಳೆದರೆ ಅದು ಪಕ್ಕದ ಎರಡನೆಯ ಲಿವರನ್ನು ತಳ್ಳುತ್ತದೆ. ಆ ಎರಡನೆಯದು ಒಂದು ಚಿಕ್ಕ ಕೊಂಡಿಯ ಮೂಲಕ ಜೆಟ್ಟನ್ನು ಕೆಳಕ್ಕೆಳೆಯುತ್ತದೆ. ಬರುವಾಗ ಮೊದಲ ಲಿವರ್ ಎರಡನೆಯದನ್ನು ಕೈಹಿಡಿದು ಕರೆದುಕೊಂಡು ಬರುವುದಿಲ್ಲ. ತಾನು ಬಂದುಬಿಡುತ್ತದೆ. ಎರಡನೆಯದು ತನ್ನದೇ ಸಣ್ಣ ಸ್ಪ್ರಿಂಗಿನ ಬಲದಿಂದ ಹಿಂದಿರುಗಬೇಕು, ಜೆಟ್ಟನ್ನೂ ಹೊತ್ತು ತರಬೇಕು. ಆ ಸ್ಪ್ರಿಂಗಿನ ಶಕ್ತಿ ಅಷ್ಟಕ್ಕಷ್ಟೇ. ಆದ್ದರಿಂದಲೇ ನಾಬ್ ಪೂರ್ತಿ ಒಳಗಿದ್ದು, ಕೇಬಲ್ ಸಲೀಸಾಗಿದ್ದು, ಜೆಟ್ ಮಾತ್ರ ಕೆಳಗೇ ಉಳಿಯುವುದು ಸಾಧ್ಯ.

ಕೆಲವು ಅಂಬಾಸಿಡರುಗಳಿಗೆ ಆಮೇಲೆ ಸೋಲೆಕ್ಸ್ ಕಾರ್ಬೊರೇಟರ್ ಬಂದಿದೆ. ನಿಮ್ಮದು ಯಾವುದೆಂದು ತಿಳಿಯಲು ಬಾನೆಟ್ ಎತ್ತಿ ನೋಡಿದರೆ ಸಾಕು. ಕಾರ್ಬೊರೇಟರಿನ ತಲೆಯ ಮೇಲೆ ಪುಟ್ಟ ಗೋಪುರದಂತೆ ಅಲ್ಯೂಮಿನಿಯಂ ಗುಮ್ಮಟ, ಅದರ ತುದಿಗೆ ತಿರುಗಿಸಿ ಬಿಚ್ಚುವ ಮುಚ್ಚಳ ಇದ್ದರೆ ಅದು ಎಸ್‌ಯು. ಇಲ್ಲದಿದ್ದರೆ ಈ ಬರಹ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ಒಂದು ಬೆರಳಿನ ಪರೀಕ್ಷೆ

ಮೂರನೆಯ ಕೇಬಲ್ ಹಾಕಿದ ಮೇಲೆ ಸೋತು, ಮೈಸೂರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಿಂದ ಕೆಲಸ ಮಾಡಿಕೊಂಡು ಬಂದಿರುವ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆ. ಅವರು ಪೆಟ್ಟಿಗೆಯನ್ನೇ ತೆರೆಯಲಿಲ್ಲ.

"ಸ್ಟಾರ್ಟ್ ಮಾಡಿ ಸ್ವಾಮಿ," ಎಂದರು. ಹೊಗೆ ಶುರುವಾಯಿತು. ಬಗ್ಗಿ, ಕಾರ್ಬೊರೇಟರಿನ ಅಡಿಗೆ ಕೈ ಹಾಕಿ ಒಂದು ಬೆರಳಿನಿಂದ ಏನನ್ನೋ ಮೇಲಕ್ಕೆ ಒತ್ತಿದರು. ಎಂಜಿನ್ನಿನ ಗೊರಗೊರ ನಿಂತು ನುಣುಪಾಗಿ ಓಡತೊಡಗಿತು.

"ಕೇಬಲ್ ಎಷ್ಟು ಸಲ ಬದಲಾಯಿಸಿದಿರಿ?"

"ಮೂರು ಸಲ, ಯಜಮಾನರೇ."

"ಇರಲಿ ಬಿಡಿ, ಕೆಡುವ ಸಾಮಾನಲ್ಲ ಅದು," ಎಂದು ಕೈ ಒರೆಸಿಕೊಂಡರು.

ಅವರು ಒತ್ತಿದ್ದು ಜೆಟ್ಟಿನ ಬುಡವನ್ನು. ಕಾರ್ಬೊರೇಟರಿನ ಕೆಳಗೆ ಹೆಬ್ಬೆರಳ ತುದಿಯಷ್ಟು ದೊಡ್ಡದಾದ ಕಪ್ಪು ಪ್ಲಾಸ್ಟಿಕ್ ತಲೆ ಕಾಣುತ್ತದೆ. ಅದರಿಂದ ಒಂದು ನೈಲಾನ್ ಟ್ಯೂಬ್ ಬಾಗಿ, ಪೆಟ್ರೋಲ್ ತುಂಬಿಕೊಂಡಿರುವ ಪಕ್ಕದ ಡಬ್ಬಿಯಾದ ಫ್ಲೋಟ್ ಚೇಂಬರಿನ ಅಡಿಗೆ ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ಆ ತಲೆಯನ್ನು ಮೇಲಕ್ಕೆ ಒತ್ತಿ. ಒಂದು ಎಚ್ಚರಿಕೆ: ಈ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಹೋಗುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಕೂಡ ಕಾರ್ಬೊರೇಟರಿನ ಬದಿಯಲ್ಲೇ, ಅದರ ಕೆಳಗೇ ಇದೆ. ಬಿಸಿ ಎಂಜಿನ್ನಿನಲ್ಲಿ ಬೆರಳು ಹಾಕಿದರೆ ಚರ್ಮ ಅಲ್ಲೇ ಉಳಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದಲೋ ಮರದ ತುಂಡಿನಿಂದಲೋ ಒತ್ತಿ. ಫ್ಯಾನ್ ಕಡೆಗೆ ಅಂಗಿಯ ತೋಳು ಹೋಗದಂತೆ ನೋಡಿಕೊಳ್ಳಿ.

ಒತ್ತಿದಾಗ ಜೆಟ್ ಮೇಲೇರಿ, ಎಂಜಿನ್ ಸರಿಯಾಗಿ, ಬೆರಳು ತೆಗೆದ ಮೇಲೂ ಅಲ್ಲೇ ನಿಂತರೆ ದೋಷ ಜೆಟ್ಟಿನ ದಾರಿಯಲ್ಲೋ ಅದನ್ನು ಹಿಂದಕ್ಕೆ ತರುವ ಲಿವರಿನಲ್ಲೋ ಇದೆ. ಒತ್ತಿದಾಗ ಸರಿಯಾಗಿ, ಬೆರಳು ತೆಗೆದ ಕೂಡಲೇ ಮತ್ತೆ ಕೆಳಗಿಳಿದರೆ ಯಾವುದೋ ಅದನ್ನು ಎಳೆದು ಹಿಡಿದಿದೆ. ಆಗ, ಮತ್ತು ಆಗ ಮಾತ್ರ, ಕೇಬಲ್ಲಿನ ಮೇಲೆ ಅನುಮಾನ ಪಡಿ. ಜೆಟ್ ಆಗಲೇ ಪೂರ್ತಿ ಮೇಲಿದ್ದು, ಒತ್ತಲು ಜಾಗವೇ ಇಲ್ಲದಿದ್ದು, ಆದರೂ ಕಪ್ಪು ಹೊಗೆ ಬರುತ್ತಿದ್ದರೆ ಚೋಕಿಗೂ ನಿಮ್ಮ ದೋಷಕ್ಕೂ ಸಂಬಂಧವಿಲ್ಲ. ಫ್ಲೋಟ್ ಚೇಂಬರಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ (ಜೆಟ್ಟಿನ ಸೂಜಿ ಬೇರೆ, ಇದು ಬೇರೆ) ಸೋರಿ ಪೆಟ್ರೋಲ್ ಉಕ್ಕುತ್ತಿರಬಹುದು, ಜೆಟ್ಟಿನ ಅಡಿಯ ನಟ್ ಬೇಕಾದ್ದಕ್ಕಿಂತ ಕೆಳಗೆ ಇಳಿದಿರಬಹುದು, ಇಲ್ಲವೇ ಗುಮ್ಮಟದೊಳಗಿನ ಪಿಸ್ಟನ್ ಅಂಟಿರಬಹುದು.

ಈ ಪಿಸ್ಟನ್ನನ್ನು ಎಂಜಿನ್ನಿನ ಪಿಸ್ಟನ್ ಎಂದುಕೊಳ್ಳಬೇಡಿ. ಇದು ಗುಮ್ಮಟದೊಳಗೆ ಮೇಲೆ ಕೆಳಗೆ ಆಡುತ್ತಾ ಗಾಳಿಯ ದಾರಿಯನ್ನು ಹಿರಿದು ಕಿರಿದು ಮಾಡುವ, ಸೂಜಿಯನ್ನು ಹೊತ್ತ ಭಾಗ. ಮೊದಲ ಎಸ್‌ಯುಗಳಲ್ಲಿ ಇದರ ಜಾಗದಲ್ಲಿ ಚರ್ಮದ ತಿದಿ ಇತ್ತು. ಅದನ್ನು ಕಂಡುಹಿಡಿದ ಸ್ಕಿನ್ನರ್ ಸಹೋದರರದು ಇಂಗ್ಲೆಂಡಿನ ಪಾದರಕ್ಷೆ ವ್ಯಾಪಾರದ ಮನೆತನ. ಚರ್ಮ ಅವರ ಕೈಗೆ ಪಳಗಿದ ವಸ್ತು. ಸ್ಕಿನ್ನರ್ಸ್ ಯೂನಿಯನ್ ಎಂಬುದೇ ಕುಗ್ಗಿ ಎಸ್‌ಯು ಆಗಿದೆ.

ಬಿಡಿಸಿ ಬಿಡಿಸಿ ನೋಡುವುದು

ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಬ್ಯಾಟರಿಯ ಒಂದು ತಂತಿ ತೆಗೆಯಿರಿ. ಇನ್ನು ಮುಂದೆ ಪೆಟ್ರೋಲ್ ತೊಟ್ಟಿಕ್ಕುವ ಕೆಲಸ, ಅದೂ ಮ್ಯಾನಿಫೋಲ್ಡಿನ ಮೇಲೆ. ಸ್ಪಾನರುಗಳು ಇಂಚಿನ ಅಳತೆಯವೇ ಆಗಬೇಕು. ಮಿಲಿಮೀಟರಿನವು ಸುಮಾರಾಗಿ ಕೂತಂತೆ ಕಂಡರೂ ಜಾರಿ ನಟ್ಟಿನ ಮೂಲೆಗಳನ್ನು ಸವೆಸುತ್ತವೆ. ಹಿತ್ತಾಳೆಯ ನಟ್ ಒಮ್ಮೆ ದುಂಡಗಾದರೆ ಮತ್ತೊಂದನ್ನು ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕು.

ಮೊದಲು ಕ್ಯಾಮ್ ಲಿವರಿನಿಂದ ಕೇಬಲ್ ಬಿಡಿಸಿ. ಒಬ್ಬರನ್ನು ಒಳಗೆ ಕೂರಿಸಿ ನಾಬ್ ಎಳೆದು ತಳ್ಳಲು ಹೇಳಿ. ತಂತಿ ಎರಡು ಬೆರಳಿನ ಬಲಕ್ಕೆ ಸರಿದಾಡಿದರೆ ಕೇಬಲ್ ಚೆನ್ನಾಗಿದೆ, ಆ ವಿಷಯ ಅಲ್ಲಿಗೆ ಬಿಡಿ.

ಎರಡನೆಯದಾಗಿ ಜೆಟ್ಟಿನ ಕಪ್ಪು ತಲೆಯನ್ನು ಕೊಂಡಿಗೆ ಹಿಡಿದಿರುವ ಚಿಕ್ಕ ಸ್ಕ್ರೂ ಬಿಚ್ಚಿ. ಅದು ಕೆಳಗೆ ಬಿದ್ದರೆ ಸಿಗುವುದಿಲ್ಲ. ಅಡಿಯಲ್ಲಿ ಒಂದು ತಟ್ಟೆಯನ್ನೋ ಬಿಳಿಯ ಪಂಚೆಯನ್ನೋ ಹಾಸಿಕೊಂಡಿರಿ. ಈಗ ಲಿವರ್ ಬೇರೆ, ಜೆಟ್ ಬೇರೆ. ಲಿವರನ್ನು ಬೆರಳಿನಿಂದ ಎಳೆದು ಬಿಡಿ. ಅದು ಪಟ್ಟೆಂದು ಹಿಂದಕ್ಕೆ ಬರಬೇಕು. ತೂಕಡಿಸುತ್ತಾ ಬಂದರೆ ಅಥವಾ ಎಳೆದಲ್ಲೇ ನಿಂತರೆ ತಪ್ಪು ಅಲ್ಲಿದೆ.

ಲಿವರಿನ ತಪ್ಪು ಹೆಚ್ಚಾಗಿ ಜೋಡಿಸಿದವರ ತಪ್ಪು. ಎರಡೂ ಲಿವರುಗಳು ಒಂದೇ ಬೋಲ್ಟಿನ ಮೇಲೆ ಆಡುತ್ತವೆ. ಆ ಬೋಲ್ಟಿನ ಸುತ್ತ ಒಂದರೊಳಗೊಂದು ಎರಡು ಚಿಕ್ಕ ಕೊಳವೆಗಳು, ಲಿವರುಗಳ ನಡುವೆ ಒಂದು ತೆಳು ವಾಷರ್. ಬೋಲ್ಟ್ ಬಿಗಿಯುವಾಗ ಒತ್ತಡ ಕೊಳವೆಯ ಮೇಲೆ ಬೀಳಬೇಕು, ಲಿವರಿನ ಮೇಲಲ್ಲ. ಕೊಳವೆ ಅಥವಾ ವಾಷರ್ ತೊಳೆಯುವ ಡಬ್ಬಿಯಲ್ಲೇ ಉಳಿದುಹೋದರೆ, ಇಲ್ಲವೇ ಹಿಂದುಮುಂದಾದರೆ, ಬೋಲ್ಟ್ ಬಿಗಿಯುವಷ್ಟೂ ಲಿವರ್ ಹಿಡಿದುಕೊಳ್ಳುತ್ತದೆ. ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ನೋಡಿ. ಲಿವರ್ ಕೂಡಲೇ ಚುರುಕಾದರೆ ಬಿಚ್ಚಿ ಮತ್ತೆ ಜೋಡಿಸಿ. ಸಡಿಲವಾಗಿಯೇ ಬಿಟ್ಟು ಓಡಿಸುವ ಆಸೆ ಬೇಡ, ಆ ಬೋಲ್ಟ್ ದಾರಿಯಲ್ಲಿ ಬಿದ್ದುಹೋಗುತ್ತದೆ.

ಸ್ಪ್ರಿಂಗಿನ ಬಗ್ಗೆ ಒಂದು ಮಾತು. ಜೆಟ್ಟಿನ ಸುತ್ತಲೇ ಒಂದು ಸುರುಳಿ ಸ್ಪ್ರಿಂಗ್ ಕಾಣುತ್ತದೆ. ಜೆಟ್ಟನ್ನು ಹಿಂದಕ್ಕೆ ತಳ್ಳುವುದು ಅದೇ ಎಂದು ಬಹಳ ಮಂದಿ ತಿಳಿದಿದ್ದಾರೆ. ನಾನೂ ತಿಳಿದಿದ್ದೆ, ಅದನ್ನು ಎಳೆದು ಉದ್ದಮಾಡಿಯೂ ಇದ್ದೆ. ಅದರ ಕೆಲಸವೇ ಬೇರೆ. ಮಿಶ್ರಣ ಹೊಂದಿಸುವ ನಟ್ ಗಾಡಿಯ ನಡುಕಕ್ಕೆ ತಾನಾಗಿ ತಿರುಗದಂತೆ ಒತ್ತಿ ಹಿಡಿಯುವುದಷ್ಟೇ ಅದರ ಪಾತ್ರ. ಜೆಟ್ಟನ್ನು ವಾಪಸು ತರುವ ಸ್ಪ್ರಿಂಗ್ ಲಿವರಿನ ಬೋಲ್ಟಿನ ಮೇಲಿದೆ. ಅದರ ಒಂದು ಕೊಕ್ಕೆ ಕಾರ್ಬೊರೇಟರಿನ ಮೈಗೆ ಆನಿಕೊಂಡು, ಇನ್ನೊಂದು ಲಿವರಿಗೆ ಸಿಕ್ಕಿಕೊಂಡಿರಬೇಕು. ಆ ಸ್ಪ್ರಿಂಗಿನ ಬದಲು ಗಟ್ಟಿಯಾದದ್ದೊಂದನ್ನು ಹಾಕಿ ಕೆಲಸ ಮುಗಿಸುವವರಿದ್ದಾರೆ. ಒಂದೆರಡು ತಿಂಗಳು ನಡೆಯಲೂಬಹುದು. ಆದರೆ ಒಳಗೆ ಓರೆಯಾದ ಜೆಟ್ ಆ ಬಲಕ್ಕೆ ಬೇರಿಂಗನ್ನು, ಅಂದರೆ ತಾನು ಜಾರಾಡುವ ಕೊಳವೆಯನ್ನು, ಸವೆಸುತ್ತಾ ಇರುತ್ತದೆ.

ನನ್ನ ಲಿವರ್ ಪಟ್ಟೆಂದು ಬಂತು. ಉಳಿದದ್ದು ಜೆಟ್ ಒಂದೇ.

ಜೆಟ್ ಯಾಕೆ ಹಿಡಿಯುತ್ತದೆ

ಕೊಂಡಿ ಬಿಡಿಸಿದ ಜೆಟ್ಟನ್ನು ಕಪ್ಪು ತಲೆಯಲ್ಲಿ ಹಿಡಿದು ನಿಧಾನವಾಗಿ ಕೆಳಕ್ಕೆ ಮೇಲಕ್ಕೆ ಆಡಿಸಿ. ಇಲ್ಲಿ ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ದಾರಿಯುದ್ದಕ್ಕೂ ಒಂದೇ ಸಮನೆ ಬಿಗಿ ಇದ್ದರೆ ಕೊಳೆ. ಒಂದೇ ಜಾಗದಲ್ಲಿ ತಡೆದರೆ ಗೀರು ಅಥವಾ ಬಾಗು. ಮೇಲಿನ ತುದಿಗೆ ಬಂದಾಗ ಮಾತ್ರ ಬಿಗಿಯಾದರೆ ಸೂಜಿ ಒಂದು ಪಕ್ಕಕ್ಕೆ ಉಜ್ಜುತ್ತಿದೆ, ಏಕೆಂದರೆ ಸೂಜಿಯ ದಪ್ಪ ಭಾಗ ಜೆಟ್ಟಿನ ಬಾಯಿಗೆ ಬರುವುದು ಆಗಲೇ.

ಕೊಳೆ ಎಂದರೆ ಮಣ್ಣಲ್ಲ. ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿಹೋದಾಗ ಹಿತ್ತಾಳೆಯ ಮೇಲೆ ಕಂದು ಬಣ್ಣದ ಅಂಟು ಪದರ ಕೂರುತ್ತದೆ, ಬೆಲ್ಲದ ಪಾಕ ತಳ ಹಿಡಿದ ಪಾತ್ರೆಯ ಬಣ್ಣ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಫ್ಲೋಟ್ ಚೇಂಬರಿನ ತಳದಲ್ಲಿ ಬಿಳಿಯ ಪುಡಿ, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಾಣಿಸುವುದಕ್ಕೆ ಇದೂ ಒಂದು ಕಾರಣ. ಹಳೆಯ ಕಾಲದ ರಬ್ಬರ್ ವಾಷರುಗಳು ಇದರಲ್ಲಿ ಉಬ್ಬುತ್ತವೆ. ಗಾಡಿ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲುವುದಾದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿಬಿಡಿ.

ತೊಳೆಯಲು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಅಥವಾ ಶುದ್ಧ ಪೆಟ್ರೋಲ್, ಮೆತ್ತಗಿನ ಹಳೆಯ ಬನಿಯನ್ ಬಟ್ಟೆ ಸಾಕು. ಬೇರಿಂಗಿನ ಒಳಗೋಡೆಗೆ ಅಗರಬತ್ತಿಯ ಕಡ್ಡಿಗೆ ಬಟ್ಟೆ ಸುತ್ತಿ ತಿರುಗಿಸಿ. ಎಮರಿ ಕಾಗದವನ್ನು ಹತ್ತಿರಕ್ಕೂ ತರಬೇಡಿ. ಉಜ್ಜಿದ ಜೆಟ್ ಮೊದಲ ದಿನ ನುಣ್ಣಗೆ ಜಾರುತ್ತದೆ, ಆಮೇಲೆ ಬೇರಿಂಗಿನಲ್ಲಿ ಅಲ್ಲಾಡುತ್ತಾ ಓರೆಯಾಗಿ ಹಿಡಿಯತೊಡಗುತ್ತದೆ. ಜೆಟ್ಟಿನ ತೂತಿಗೆ ತಂತಿ ಹಾಕುವುದೂ ಅಷ್ಟೇ ಕೆಟ್ಟದ್ದು. ಪ್ಲಾಸ್ಟಿಕ್ ತಲೆ ಮತ್ತು ನೈಲಾನ್ ಟ್ಯೂಬ್ ಇರುವ ಜೆಟ್ಟನ್ನು ಥಿನ್ನರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಡಿ. ಒಣಗಿಸಿದ ಮೇಲೆ ಹಿತ್ತಾಳೆಯ ಹೊರಮೈಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬೆರಳಲ್ಲಿ ಸವರಿ. ಒಂದು ಹನಿ ಹೆಚ್ಚಾಯಿತು ಎನಿಸಿದರೆ ಒರೆಸಿಬಿಡಿ, ಧೂಳು ಅಲ್ಲೇ ಮನೆ ಮಾಡುತ್ತದೆ.

ಇನ್ನೂ ಹಳೆಯ ಎಚ್ ಮಾದರಿಯ ಎಸ್‌ಯು ಇದ್ದವರಿಗೆ ಬೇರೆಯೇ ಕತೆ. ಅದರಲ್ಲಿ ನೈಲಾನ್ ಟ್ಯೂಬ್ ಇಲ್ಲ, ಜೆಟ್ಟಿನ ಸುತ್ತ ಕಾರ್ಕಿನ ಬಿಲ್ಲೆಗಳಿವೆ. ಕಾರ್ಕ್ ಒಣಗಿದರೆ ಜೆಟ್ಟನ್ನು ಕಚ್ಚಿ ಹಿಡಿಯುತ್ತದೆ, ಜೊತೆಗೆ ಪೆಟ್ರೋಲನ್ನೂ ಸೋರಿಸುತ್ತದೆ. ಹೊಸ ಕಾರ್ಕನ್ನು ಎಣ್ಣೆಯಲ್ಲಿ ನೆನೆಸಿ ಹಾಕಬೇಕು.

ನನ್ನ ಜೆಟ್ ಹೊಚ್ಚಹೊಸದು, ಬೇರಿಂಗ್ ತೊಳೆದದ್ದು. ಕೈಯಲ್ಲಿ ಆಡಿಸಿದರೆ ಆದರೂ ಬಿಗಿ. ಹಿರಿಯರು ಫ್ಲೋಟ್ ಚೇಂಬರಿನ ಅಡಿಯಲ್ಲಿ ಟ್ಯೂಬಿನ ನಟ್ ಬಿಚ್ಚಿ, ಟ್ಯೂಬನ್ನು ಹೊರಗೆ ಎಳೆದು, "ಈಗ ಆಡಿಸಿ" ಎಂದರು. ಜೆಟ್ ಬೆಣ್ಣೆಯಲ್ಲಿ ಚಾಕು ಆಡಿದಂತೆ ಜಾರಿತು. ಮತ್ತೆ ಟ್ಯೂಬ್ ಸೇರಿಸಿ ನಟ್ ಬಿಗಿದರು. ಮತ್ತೆ ಬಿಗಿ. ಹೀಗೆ ಎರಡು ಸಲ ಮಾಡಿ ತೋರಿಸಿದ ಮೇಲೆ ನನಗೆ ಕಂಡಿತು. ನಟ್ ತಿರುಗುವಾಗ ಅದರ ಜೊತೆಗೆ ನೈಲಾನ್ ಟ್ಯೂಬೂ ಕಾಲು ಸುತ್ತಿನಷ್ಟು ತಿರುಚಿಕೊಳ್ಳುತ್ತಿತ್ತು. ತಿರುಚಿದ ಟ್ಯೂಬ್ ತನ್ನ ಇನ್ನೊಂದು ತುದಿಯಲ್ಲಿರುವ ಜೆಟ್ಟಿನ ತಲೆಯನ್ನು ತಿರುಗಿಸಲು ನೋಡುತ್ತದೆ. ತಲೆಯನ್ನು ಕೊಂಡಿಯ ಸ್ಕ್ರೂ ಹಿಡಿದಿರುವುದರಿಂದ ಅದು ತಿರುಗಲಾರದು. ಆಗ ಉಳಿಯುವ ದಾರಿ ಒಂದೇ, ಪಕ್ಕಕ್ಕೆ ವಾಲುವುದು. ವಾಲಿದ ಜೆಟ್ ಬೇರಿಂಗಿನಲ್ಲಿ, ಮಳೆಗಾಲದಲ್ಲಿ ಉಬ್ಬಿದ ಮೇಜಿನ ಡ್ರಾಯರ್ ಹಿಡಿಯುವ ಹಾಗೆ, ಓರೆಯಾಗಿ ಹಿಡಿದುಕೊಳ್ಳುತ್ತದೆ. ಕೇಬಲ್ಲಿನ ಬಲಕ್ಕೆ ಕೆಳಗಿಳಿಯುತ್ತದೆ, ಸ್ಪ್ರಿಂಗಿನ ಬಲಕ್ಕೆ ಮೇಲೇರುವುದಿಲ್ಲ.

ಟ್ಯೂಬ್ ಜೋಡಿಸುವ ಸರಿಯಾದ ಕ್ರಮ ಇದು. ಟ್ಯೂಬಿನ ಮೇಲೆ ಮೊದಲು ನಟ್, ಆಮೇಲೆ ವಾಷರ್, ಕೊನೆಯಲ್ಲಿ ರಬ್ಬರ್ ಬುಷ್ ಏರಿಸಿ. ರಬ್ಬರಿನಿಂದ ಆಚೆಗೆ ಟ್ಯೂಬಿನ ತುದಿ ಸುಮಾರು 5 ಮಿಲಿಮೀಟರ್ ಚಾಚಿರಲಿ. ಕಡಿಮೆಯಾದರೆ ಒತ್ತಡಕ್ಕೆ ಕಳಚಿ ಪೆಟ್ರೋಲ್ ನೇರವಾಗಿ ಮ್ಯಾನಿಫೋಲ್ಡಿನ ಮೇಲೆ ಸುರಿಯುತ್ತದೆ. ಜೆಟ್ಟನ್ನು ಬೇರಿಂಗಿನಲ್ಲಿ ಇಟ್ಟು, ತಲೆ ಫ್ಲೋಟ್ ಚೇಂಬರಿನ ದಿಕ್ಕಿಗೆ ಇರುವಂತೆ ಮಾಡಿ, ಎಡಗೈಯ ಎರಡು ಬೆರಳಲ್ಲಿ ಟ್ಯೂಬನ್ನು ತಿರುಗದಂತೆ ಹಿಡಿದು, ಬಲಗೈಯಿಂದ ನಟ್ ಬಿಗಿಯಿರಿ. ಸೋರದಷ್ಟು ಬಿಗಿ ಸಾಕು. ಕೊಂಡಿಯ ಸ್ಕ್ರೂವನ್ನು ಆಗ ಮುಟ್ಟಬೇಡಿ. ನಟ್ ಬಿಗಿದಾದ ಮೇಲೆ ಕೊಂಡಿಯ ತುದಿಯೂ ಜೆಟ್ಟಿನ ತಲೆಯಲ್ಲಿರುವ ತೂತೂ ತಾವಾಗಿಯೇ ಎದುರುಬದುರಾಗಿ ಬರಬೇಕು. ಬೆರಳಿನಿಂದ ತಳ್ಳಿ ಹೊಂದಿಸಬೇಕಾಗಿ ಬಂದರೆ ಟ್ಯೂಬ್ ಇನ್ನೂ ತಿರುಚಿದೆ. ಮತ್ತೆ ಸಡಿಲಿಸಿ.

ಅಂಗಡಿಯಲ್ಲಿ ಸಿಗುವ ಜೆಟ್ಟುಗಳಲ್ಲಿ ಟ್ಯೂಬಿನ ಉದ್ದ ಬೇರೆ ಬೇರೆ ಇರುತ್ತದೆ. ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಅಳೆಯಿರಿ. ಉದ್ದ ಹೆಚ್ಚಾದರೆ ಟ್ಯೂಬ್ ಬಿಲ್ಲಿನಂತೆ ಬಾಗಿ ಜೆಟ್ಟನ್ನು ಸದಾ ತಳ್ಳುತ್ತಿರುತ್ತದೆ.

ನಡುಮಧ್ಯಕ್ಕೆ ತರುವುದು

ಟ್ಯೂಬ್ ಸರಿಯಾದ ಮೇಲೂ ಮೇಲಿನ ತುದಿಯಲ್ಲಿ ಬಿಗಿ ಉಳಿದರೆ ಜೆಟ್ಟನ್ನು ಸೂಜಿಯ ನಡುಮಧ್ಯಕ್ಕೆ ತರಬೇಕು. ಸೂಜಿ ಪಿಸ್ಟನ್ನಿಗೆ ಅಲ್ಲಾಡದಂತೆ ಬಿಗಿದಿರುವ ಕಾರ್ಬೊರೇಟರುಗಳಿಗೆ ಮಾತ್ರ ಇದು ಬೇಕು. ಸ್ಪ್ರಿಂಗಿನಿಂದ ಒಂದು ಪಕ್ಕಕ್ಕೆ ಆನಿಕೊಂಡಿರುವ ಸೂಜಿಯ ಹೊಸ ಮಾದರಿಗಳಿಗೆ ಬೇಡ. ಮೊದಲು ಸೂಜಿಯ ಭುಜ ಪಿಸ್ಟನ್ನಿನ ಅಡಿಮೈಗೆ ಸಮವಾಗಿ ಕೂತಿದೆಯೇ, ಸೂಜಿ ಬಾಗಿಲ್ಲವೇ ಎಂದು ನೋಡಿಕೊಳ್ಳಿ. ಬಾಗಿದ ಸೂಜಿಯನ್ನು ನೆಟ್ಟಗೆ ಮಾಡಲು ಹೋಗಬೇಡಿ.

ಜೆಟ್ಟನ್ನು ಹೊರತೆಗೆದು, ಹೊಂದಿಸುವ ನಟ್ಟನ್ನೂ ಅದರ ಸ್ಪ್ರಿಂಗನ್ನೂ ಬಿಚ್ಚಿ. ಸ್ಪ್ರಿಂಗ್ ಪಕ್ಕಕ್ಕಿಟ್ಟು ನಟ್ಟನ್ನು ಮಾತ್ರ ಮತ್ತೆ ಹಾಕಿ ಕೊನೆಯವರೆಗೂ ಮೇಲೇರಿಸಿ. ಜೆಟ್ಟನ್ನು ಪೂರ್ತಿ ಮೇಲಕ್ಕೆ ತಳ್ಳಿ, ತಲೆ ಫ್ಲೋಟ್ ಚೇಂಬರಿನ ಕಡೆಗೇ ಇರಲಿ. ಬೇರಿಂಗನ್ನು ಹಿಡಿದಿರುವ ದೊಡ್ಡ ಲಾಕ್ ನಟ್ಟನ್ನು, ಬೇರಿಂಗ್ ಬೆರಳಿಗೆ ಸ್ವಲ್ಪ ಆಡುವಷ್ಟು ಮಾತ್ರ ಸಡಿಲಿಸಿ. ಗುಮ್ಮಟದ ಮುಚ್ಚಳ ತೆಗೆದು ಮೇಲಿನಿಂದ ಒಂದು ಪೆನ್ಸಿಲ್ ಇಳಿಸಿ ಪಿಸ್ಟನ್ನನ್ನು ಕೆಳಕ್ಕೆ ಒತ್ತಿ ಹಿಡಿಯಿರಿ. ಸೂಜಿಯೇ ಜೆಟ್ಟನ್ನೂ ಬೇರಿಂಗನ್ನೂ ತನ್ನ ನಡುವಿಗೆ ಎಳೆದುಕೊಳ್ಳುತ್ತದೆ. ಪೆನ್ಸಿಲನ್ನು ಒತ್ತಿ ಹಿಡಿದೇ ಲಾಕ್ ನಟ್ ಬಿಗಿಯಿರಿ. ಮೂರನೆಯ ಕೈ ಬೇಕೆನಿಸುವ ಕೆಲಸ ಇದೊಂದೇ, ಮನೆಯವರನ್ನು ಕರೆಯಿರಿ.

ಆಮೇಲೆ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ಲೋಹ ಲೋಹಕ್ಕೆ ತಾಗಿ ಟಕ್ ಎನ್ನಬೇಕು. ಜೆಟ್ಟನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಎತ್ತಿ ಬಿಡಿ. ಎರಡು ಸಲವೂ ಸದ್ದು ಒಂದೇ ಆಗಿದ್ದರೆ ಕೆಲಸ ಆಯಿತು. ಜೆಟ್ ಕೆಳಗಿದ್ದಾಗ ಟಕ್ ಎಂದು, ಮೇಲಿದ್ದಾಗ ಮೆತ್ತಗೆ ಬಿದ್ದರೆ ಸೂಜಿ ಇನ್ನೂ ಉಜ್ಜುತ್ತಿದೆ, ಮೊದಲಿನಿಂದ ಮಾಡಿ. ನನಗೆ ನಾಲ್ಕನೆಯ ಸಲಕ್ಕೆ ಬಂತು.

ಜೆಟ್ ಎರಡೂ ಕಡೆ ಒಂದೇ ಸದ್ದು ಕೊಟ್ಟು, ಎರಡೂ ಸಲ ಮೆತ್ತಗೇ ಇದ್ದರೆ ತಪ್ಪು ಪಿಸ್ಟನ್ನಿನದು. ಗುಮ್ಮಟವನ್ನು ಬಿಚ್ಚುವ ಮೊದಲು ಅದರ ಮೇಲೂ ಕೆಳಗಿನ ಮೈಯ ಮೇಲೂ ಗುರುತು ಹಾಕಿಕೊಂಡು, ಒಳಗೋಡೆಯನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಎಣ್ಣೆ ಮಧ್ಯದ ಕಡ್ಡಿಗೆ ಮಾತ್ರ, ಗೋಡೆಗೆ ಬೇಡ.

ಮತ್ತೆ ಗಾಡಿಗೆ ಏರಿಸುವಾಗ

ಸ್ಪ್ರಿಂಗ್ ಸಹಿತ ನಟ್ ಹಾಕಿ, ಜೆಟ್ಟಿನ ತುದಿ ಗಾಳಿಯ ದಾರಿಯ ನೆಲಕ್ಕೆ ಸಮವಾಗುವಂತೆ ಮೇಲೇರಿಸಿ, ಅಲ್ಲಿಂದ ಎರಡು ಪೂರ್ತಿ ಸುತ್ತು ಕೆಳಗಿಳಿಸಿ. ನಟ್ಟಿನ ಆರು ಮುಖಗಳ ಲೆಕ್ಕದಲ್ಲಿ ಹನ್ನೆರಡು ಮುಖ. ಸ್ಟಾರ್ಟ್ ಮಾಡಲು ಇದು ಸಾಕು, ಕೊನೆಯ ಹೊಂದಾಣಿಕೆಯನ್ನು ಬಿಸಿ ಎಂಜಿನ್ನಿನಲ್ಲಿ ಒಂದೊಂದೇ ಮುಖ ತಿರುಗಿಸಿ ಮಾಡಿ. ಪಿಸ್ಟನ್ನನ್ನು ಅದರ ಪಕ್ಕದ ಪಿನ್ನಿನಿಂದ ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿದಾಗ ಎಂಜಿನ್ ವೇಗ ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಮಿಶ್ರಣ ಸರಿ. ಏರಿದ್ದು ಏರಿಯೇ ಉಳಿದರೆ ಪೆಟ್ರೋಲ್ ಹೆಚ್ಚು, ನಟ್ ಮೇಲಕ್ಕೆ. ಎತ್ತಿದ ಕೂಡಲೇ ನಿಲ್ಲುವಂತಾದರೆ ಪೆಟ್ರೋಲ್ ಕಡಿಮೆ, ನಟ್ ಕೆಳಕ್ಕೆ. ಪಿಸ್ಟನ್ ದಿಢೀರನೆ ಮೇಲೇಳದಂತೆ ತಡೆಯುವ ಗುಮ್ಮಟದ ಡ್ಯಾಂಪರಿಗೆ ಎಸ್‌ಎಇ 20 ಎಣ್ಣೆ ಹಾಕಲು ಮರೆಯಬೇಡಿ.

ಕೇಬಲ್ ಕಟ್ಟುವುದು ಎಲ್ಲಕ್ಕಿಂತ ಕೊನೆಗೆ. ನಾಬ್ ಪೂರ್ತಿ ಒಳಗಿದ್ದಾಗ ತಂತಿಯಲ್ಲಿ ಒಂದೂವರೆ ಮಿಲಿಮೀಟರ್ ಸಡಿಲ ಇರಬೇಕು. ವೇಗದ ಐಡಲ್ ಸ್ಕ್ರೂಗೂ ಕ್ಯಾಮಿಗೂ ನಡುವೆ 0.4 ಮಿಲಿಮೀಟರ್ ಸಂದು ಇರಬೇಕು, ಇಲ್ಲದಿದ್ದರೆ ಚೋಕ್ ಬಿಟ್ಟ ಮೇಲೂ ಎಂಜಿನ್ ಏರಿದ ವೇಗದಲ್ಲೇ ಓಡಿ ನಿಮ್ಮನ್ನು ಮತ್ತೆ ಚೋಕಿನ ಬೆನ್ನು ಹತ್ತಿಸುತ್ತದೆ. ತಂತಿಯ ತುದಿಯನ್ನು ಹಿಡಿಯುವ ಚಿಕ್ಕ ಗುಂಡು ಲಿವರಿನಲ್ಲಿ ತಿರುಗುವಂತಿರಬೇಕು. ಹೊರಗಿನ ಕವಚವನ್ನು ಅದರ ಕ್ಲಿಪ್ಪಿನಲ್ಲಿ ಬಿಗಿಯದೆ ಬಿಟ್ಟರೆ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ವಾಲುವ ಪ್ರತಿ ಸಲವೂ ಕೇಬಲ್ ತಾನಾಗಿ ಚೋಕನ್ನು ಎಳೆಯುತ್ತದೆ. ಬೆರಳಿನ ಪರೀಕ್ಷೆಯಲ್ಲಿ ಜೆಟ್ ಮತ್ತೆ ಮತ್ತೆ ಕೆಳಗಿಳಿಯುತ್ತಿದ್ದವರು ಮೊದಲು ಈ ಕ್ಲಿಪ್ ನೋಡಿ.

ಏರ್ ಕ್ಲೀನರ್ ಹಾಕುವ ಮೊದಲು ಎಂಜಿನ್ ಆರಿಸಿಯೇ ಹತ್ತು ಸಲ ನಾಬ್ ಎಳೆದು ತಳ್ಳಿ. ಪ್ರತಿ ಸಲವೂ ಕೆಳಗಿನಿಂದ ಕಪ್ಪು ತಲೆ ನಟ್ಟಿಗೆ ಮುಟ್ಟಿತೇ ಎಂದು ಬೆರಳಿಟ್ಟು ನೋಡಿ. ಆಮೇಲೆ ಇಪ್ಪತ್ತು ನಿಮಿಷ ಓಡಿಸಿ ಬಂದು, ಬಿಸಿಯಲ್ಲಿ ಇನ್ನೊಮ್ಮೆ ಮರದ ತುಂಡಿನಿಂದ ಅದೇ ಪರೀಕ್ಷೆ ಮಾಡಿ, ಟ್ಯೂಬಿನ ನಟ್ಟಿನ ಬಳಿ ಒದ್ದೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ.

ನನ್ನ ಗಾಡಿಯಲ್ಲಿ ಈಗ ಇರುವುದು ಅದರ ಜೊತೆಗೇ ಬಂದಿದ್ದ ಹಳೆಯ ಕೇಬಲ್. ಹೊಸವು ಮೂರೂ ಡಿಕ್ಕಿಯಲ್ಲಿ ಜಾಕಿನ ಪಕ್ಕ ಸುತ್ತಿಟ್ಟಿವೆ. ಮೈಸೂರಿನ ಕಡೆ ಯಾರಿಗಾದರೂ ನಿಜವಾಗಿಯೂ ಕೇಬಲ್ ಕೆಟ್ಟಿದ್ದರೆ ಬಂದು ತೆಗೆದುಕೊಂಡು ಹೋಗಬಹುದು.